ಹೀಲಿಯಂ ನಡುಕ

ಭಾನುವಾರ ಸಂಜೆ ಐದು ಗಂಟೆಗೆ ಮುಳುಗುಗಾರರ ಕೇಂದ್ರದಿಂದ ಫೋನು ಬಂದಾಗ ದಾಮೋದರ ಮೊಗೇರ ಅಳ್ವೆಕೋಡಿಯ ತನ್ನ ಮನೆಯ ಜಗಲಿಯಲ್ಲಿ ಮಲಗಿದ್ದ. ಮಧ್ಯಾಹ್ನ ಮೂರರವರೆಗೆ ಕುಡಿದು, ಅಂಜಲ್ ಮೀನಿನ ಸಾರಿನಲ್ಲಿ ಊಟ ಮುಗಿಸಿ ಮಲಗಿದವನನ್ನು ಹೆಂಡತಿ ಸುಲೋಚನಾ ಅಲುಗಿಸಿ ಎಬ್ಬಿಸಿದಳು. ಫೋನು ಮಾಡಿದವರು ಕೇಂದ್ರದ ಮೇಲ್ವಿಚಾರಕ ಶಾನಭಾಗರು. ನಾಳೆ ಸಮುದ್ರಕ್ಕೆ ಇಳಿಯಬೇಕಿದ್ದವನಿಗೆ ಡೆಂಗ್ಯೂ ಬಂದಿದೆ, ಅವನ ಬದಲಿಗೆ ಬರಲಾದೀತೇ ಎಂದು ಕೇಳಿದರು.

"ಬರ್ತೇನೆ ಸರ್," ಎಂದು ದಾಮೋದರ ಫೋನು ಇಟ್ಟ. ಎಂಟು ವರ್ಷದಲ್ಲಿ ಅವನು ಒಮ್ಮೆಯೂ ಇಲ್ಲ ಎಂದಿರಲಿಲ್ಲ.

"ಹೇಗೆ ಹೋಗ್ತೀರಿ?" ಸುಲೋಚನಾ ಕೇಳಿದಳು. "ಕುಡಿಯೂದು ಕಡಿಮೆ ಮಾಡ್ಲಿಕ್ಕೆ ಇನ್ನೂ ಶುರುವೇ ಮಾಡ್ಲಿಲ್ಲ."

"ಈಗಿಂದ ಮುಟ್ಟೂದಿಲ್ಲ. ನಾಳೆ ಗೇಟಿನಲ್ಲಿ ಊದಿಸಿ ನೋಡ್ತಾರೆ, ಅಷ್ಟೇ. ಅಷ್ಟೊತ್ತಿಗೆ ಎಲ್ಲ ಇಳಿದಿರ್ತದೆ."

"ಊದೂದರ ವಿಷ್ಯ ಅಲ್ಲ ನಾನು ಹೇಳೂದು. ಆಮೇಲಿನದ್ದು."

"ಆಮೇಲೆ ಕೆಳಗಿರ್ತೇನಲ್ಲ. ಕೆಲಸದ ಮೇಲೆ ಮನಸ್ಸಿದ್ರೆ ಎಂತದೂ ಆಗೂದಿಲ್ಲ."

ಅವಳು ಒಳಗೆ ಹೋದಳು. ಅವನ ಚೀಲಕ್ಕೆ ಬನಿಯನ್, ಟವೆಲು, ಮಗಳು ಸ್ಫೂರ್ತಿ ಹೆಣೆದುಕೊಟ್ಟ ಉಣ್ಣೆಯ ಟೋಪಿ ತುಂಬಿದಳು.

ಆ ಕಾಲಕ್ಕೆ ದೇಶದ ದೊಡ್ಡ ದೊಡ್ಡ ಮಾಹಿತಿ ಭಂಡಾರಗಳು ನೆಲ ಬಿಟ್ಟು ಸಮುದ್ರದ ತಳ ಸೇರಿದ್ದವು. ಹಗಲಿರುಳು ಓಡುವ ಲಕ್ಷಾಂತರ ಕಂಪ್ಯೂಟರುಗಳ ಬಿಸಿ ಆರಿಸಲು ಕಡಲಿನ ತಣ್ಣೀರಿಗಿಂತ ಒಳ್ಳೆಯ ಉಪಾಯ ಯಾರಿಗೂ ಹೊಳೆದಿರಲಿಲ್ಲ. ಭಟ್ಕಳದ ತೀರದಿಂದ ನೂರಿಪ್ಪತ್ತು ಕಿಲೋಮೀಟರ್ ಆಚೆ, ನೂರ ತೊಂಬತ್ತು ಮೀಟರ್ ಆಳದಲ್ಲಿ ಅಂಥದೊಂದು ಭಂಡಾರವಿತ್ತು. ತುಕ್ಕು ಕೆರೆಯಲು, ಚಿಪ್ಪು ಕೀಳಲು, ಸೋರುವ ಕೊಳವೆ ಬೆಸೆಯಲು ಯಂತ್ರದ ಕೈಗಳು ಸಾಲದೆ ಮನುಷ್ಯರೇ ಇಳಿಯಬೇಕಾಗುತ್ತಿತ್ತು. ಇಳಿದವರು ಇಪ್ಪತ್ತೆಂಟು ದಿನ ಅಲ್ಲೇ ಒಂದು ಉಕ್ಕಿನ ಕೋಣೆಯಲ್ಲಿ ಬದುಕುತ್ತಿದ್ದರು. ಅದರ ಒಳಗಿನ ಗಾಳಿಯ ಒತ್ತಡ ಹೊರಗಿನ ನೀರಿನ ಒತ್ತಡದಷ್ಟೇ ಇರುತ್ತಿತ್ತು. ಆ ಗಾಳಿಯ ಬಹುಪಾಲು ಹೀಲಿಯಂ, ಬದುಕಿಗೆ ಬೇಕಾದಷ್ಟು ಮಾತ್ರ ಆಮ್ಲಜನಕ.

ಮೇಲೆ ಬರುವುದೇ ಕಷ್ಟ. ರಕ್ತದಲ್ಲಿ ಕರಗಿದ ಅನಿಲ ಮೆಲ್ಲಮೆಲ್ಲಗೆ ಹೊರಗೆ ಹೋಗಬೇಕು. ಅವಸರ ಮಾಡಿದರೆ ಮುಚ್ಚಳ ತೆಗೆದ ಸೋಡಾದಂತೆ ರಕ್ತವೇ ನೊರೆಗಟ್ಟುತ್ತದೆ. ಹಾಗಾಗಿ ಒತ್ತಡ ಇಳಿಸಲು ಎಂಟು ದಿನ ಹಿಡಿಯುತ್ತಿತ್ತು. ಚಂದ್ರನಿಗೆ ಹೋದವನು ಮೂರು ದಿನದಲ್ಲಿ ಮನೆಗೆ ಮರಳಬಹುದು, ನಮ್ಮ ಕಡಲಿನ ತಳಕ್ಕೆ ಹೋದವನಿಗೆ ಎಂಟು ದಿನ ಬೇಕು ಎಂದು ಕೇಂದ್ರದವರು ಹೊಸಬರಿಗೆ ಮೊದಲ ಪಾಠದಲ್ಲೇ ಹೇಳುತ್ತಿದ್ದರು.

ಕೆಳಗಿರುವವರ ಎದೆಗೆ ಅಂಗೈಯಗಲದ ಒಂದು ಪಟ್ಟಿ ಅಂಟಿಸುತ್ತಿದ್ದರು. ಅದು ನಾಡಿ, ಉಸಿರು, ಬೆವರು, ಸ್ನಾಯುಗಳ ಮಿಡಿತ ಎಲ್ಲವನ್ನೂ ಓದಿ ದಡದ ಯಂತ್ರಕ್ಕೆ ಕಳಿಸುತ್ತಿತ್ತು. ಆ ಯಂತ್ರದ ಹೆಸರು ಮೈಗಾವಲು. ರೋಗ ಏನೆಂದು ಹೇಳುವುದು, ಒಳಗಿನ ಗಾಳಿಯ ಬೆರಕೆ ಬದಲಿಸುವುದು, ಔಷಧಿಯ ಪೆಟ್ಟಿಗೆಯ ಬೀಗ ತೆಗೆಯುವುದು ಎಲ್ಲ ಅದರದೇ ಕೆಲಸ. ಸಾವಿರಾರು ಮುಳುಗುಗಾರರ ದೇಹಗಳನ್ನು ನೋಡಿ ಕಲಿತ ಯಂತ್ರ ಅದು. ಆದರೆ ಅವರಲ್ಲಿ ಒಬ್ಬನೂ ಕುಡುಕನಿರಲಿಲ್ಲ. ಕುಡಿಯುವವರನ್ನು ಆ ಕೆಲಸಕ್ಕೆ ತೆಗೆದುಕೊಳ್ಳುತ್ತಲೇ ಇರಲಿಲ್ಲ. ವರ್ಷಕ್ಕೊಮ್ಮೆ ಮನೆಯವರಿಂದ ಒಂದು ಹೇಳಿಕೆಗೆ ಸಹಿ ಮಾಡಿಸುತ್ತಿದ್ದರು. ಈ ವ್ಯಕ್ತಿಗೆ ಕುಡಿತದ ಅಭ್ಯಾಸವಿಲ್ಲ ಎಂಬ ಆ ಕಾಗದಕ್ಕೆ ಸುಲೋಚನಾ ಎಂಟು ಸಲ ಸಹಿ ಹಾಕಿದ್ದಳು.

ದಾಮೋದರ ದಿನಕ್ಕೆ ಮೂರು ಕ್ವಾರ್ಟರ್ ಕುಡಿಯುತ್ತಿದ್ದ. ಕುಡಿದು ಬೀದಿಯಲ್ಲಿ ಬಿದ್ದವನಲ್ಲ, ಕೈ ಎತ್ತಿದವನಲ್ಲ. ಬೆಳಗ್ಗೆ ಒಂದು ಗುಟುಕು ಹೋಗದಿದ್ದರೆ ಚಹಾದ ಲೋಟ ಹಿಡಿಯಲು ಆಗುತ್ತಿರಲಿಲ್ಲ, ಅಷ್ಟೇ. ಒಂದು ವರ್ಷ ಅಯ್ಯಪ್ಪನ ಮಾಲೆ ಹಾಕಿ ಒಮ್ಮೆಲೇ ಬಿಟ್ಟಿದ್ದ. ಮೂರನೆಯ ದಿನ ಭಜನೆಗೆ ಕುಳಿತಿದ್ದಾಗ ಕಣ್ಣು ಮೇಲಾಗಿ, ಹಲ್ಲು ಕಚ್ಚಿ, ಕೈಕಾಲು ಸೆಟೆದು ಬಿದ್ದ. ಇದು ದರ್ಶನ, ಮೈಮೇಲೆ ದೇವರು ಬಂದದ್ದು ಎಂದು ಗುರುಸ್ವಾಮಿ ಕರ್ಪೂರ ಹಚ್ಚಿದರು. ಬಾಯಿಂದ ರಕ್ತ ಒರೆಸಿದ ಸುಲೋಚನಳಿಗೆ ಅದು ದೇವರಲ್ಲ ಎಂದು ಗೊತ್ತಿತ್ತು.

ಆಮೇಲಿನಿಂದ ಅವಳೇ ಒಂದು ದಾರಿ ಕಂಡುಕೊಂಡಳು. ಇಳಿಯುವ ದಿನ, ವೈದ್ಯಕೀಯ ತಪಾಸಣೆಯ ದಿನ ಮೊದಲೇ ಗೊತ್ತಾಗುತ್ತಿತ್ತಲ್ಲ, ಅದಕ್ಕೆ ಒಂದು ತಿಂಗಳಿರುವಾಗ ಬಾಟಲಿಯನ್ನು ತನ್ನ ಕಪಾಟಿನಲ್ಲಿಟ್ಟು, ಕೆಮ್ಮಿನ ಔಷಧಿಯ ಅಳತೆಯ ಮುಚ್ಚಳದಲ್ಲಿ ದಿನದಿನಕ್ಕೆ ಕಡಿಮೆ ಮಾಡುತ್ತ ತಾನೇ ಅಳೆದು ಕೊಡುತ್ತಿದ್ದಳು. ಕೊನೆಯ ಹತ್ತು ದಿನ ಏನೂ ಇಲ್ಲ. ಅವನು ಗಟ್ಟಿಯಾಗಿ ಇಳಿದು, ಗಟ್ಟಿಯಾಗಿ ಮೇಲೆ ಬಂದು, ಮನೆಗೆ ಬಂದ ಸಂಜೆಯೇ ಮತ್ತೆ ಶುರು ಮಾಡುತ್ತಿದ್ದ. ಯಾರಿಗೂ ತಿಳಿಯದ ಹಾಗೆ ಇದು ನಡೆದಿತ್ತು. ಈ ಸಲ ಮಾತ್ರ ಒಂದು ತಿಂಗಳ ಕೆಲಸಕ್ಕೆ ಒಂದೇ ರಾತ್ರಿ ಸಿಕ್ಕಿತು.

ಸೋಮವಾರ ಗೇಟಿನಲ್ಲಿ ಊದಿದಾಗ ಸೊನ್ನೆ ಬಂತು. ಹನ್ನೊಂದಕ್ಕೆ ಅವನನ್ನೂ ಹೊನ್ನಾವರದ ಇನಾಸ್ ಫರ್ನಾಂಡಿಸ್‌ನನ್ನೂ ಕೋಣೆಯೊಳಗೆ ಕಳಿಸಿ ಬಾಗಿಲು ಹಾಕಿದರು. ಕೆಲಸದ ತುರ್ತಿನಿಂದಾಗಿ ಒತ್ತಡವನ್ನು ಎಂದಿಗಿಂತ ಬೇಗ ಏರಿಸಿ, ಕೋಣೆಯನ್ನು ಹಡಗಿನಲ್ಲಿ ಒಯ್ದು ಅಂದೇ ತಳಕ್ಕೆ ಇಳಿಸಿದರು. ಸಂಜೆಯ ಹೊತ್ತಿಗೆ ದಾಮೋದರನ ಬೆರಳುಗಳು ನಡುಗತೊಡಗಿದ್ದವು.

ಮಂಗಳವಾರ ಬೆಳಗ್ಗೆ ಸುಲೋಚನಾ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಶಾನಭಾಗರ ಫೋನು ಬಂತು.

"ಸುಲೋಚನಕ್ಕ, ಗಾಬರಿ ಮಾಡ್ಕೊಳ್ಬೇಡಿ. ದಾಮೋದರನಿಗೆ ಸಣ್ಣ ನಡುಕ ಬಂದಿದೆ. ಹೀಲಿಯಂ ನಡುಕ ಅಂತ ಅದಕ್ಕೆ. ಬೇಗ ಇಳಿಸಿದ್ರೆ ಕೆಲವರಿಗೆ ಹಾಗಾಗ್ತದೆ. ಮನೆಗೆ ತಿಳಿಸಬೇಕು ಅಂತ ನಿಯಮ, ಅದಕ್ಕೆ ಹೇಳಿದ್ದು."

"ಬೆವರ್ತಾರಾ?"

"ಹೌದು, ಸ್ವಲ್ಪ. ನಿಮಗೆ ಹೇಗೆ ಗೊತ್ತಾಯ್ತು?"

"ಸುಮ್ಮನೆ ಕೇಳ್ದೆ."

"ಮೈಗಾವಲು ಗಾಳಿಗೆ ಸ್ವಲ್ಪ ನೈಟ್ರೋಜನ್ ಸೇರಿಸಿದೆ. ಈಗ ನಡುಕ ಕಡಿಮೆ. ಮಲಗಿದ್ದಾನೆ."

ಫೋನು ಇಟ್ಟ ಮೇಲೆ ಅವಳು ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು. ಕಡಿಮೆಯಾಗಿದೆ ಎಂದರಲ್ಲ, ಹಾಗಾದರೆ ನಿಜಕ್ಕೂ ಅದು ಹೀಲಿಯಂ ಇರಬಹುದು. ದೊಡ್ಡ ಯಂತ್ರ, ಕಲಿತ ಜನ. ಅವರಿಗೆ ತಿಳಿಯದ್ದು ಬಿಸಿಯೂಟದವಳಿಗೆ ತಿಳಿಯುತ್ತದೆಯೇ? ಹೇಳಿದರೆ ಅವನಿಗೆ ಸಮುದ್ರ ಮುಗಿಯಿತು. ಸಮುದ್ರ ಬಿಟ್ಟು ಅವನಿಗೆ ಏನೂ ಗೊತ್ತಿರಲಿಲ್ಲ. ಅದರ ಮೇಲೆ ತಾನು ಎಂಟು ವರ್ಷ ಹಾಕಿದ ಸುಳ್ಳು ಸಹಿ. ಭಾನುವಾರ ಮೂರು ಗಂಟೆಯಿಂದ ಬೆರಳು ಮಡಚಿ ಎಣಿಸಿದಳು. ಬುಧವಾರಕ್ಕೆ ಮೂರು ದಿನ. ಬುಧವಾರ ಬೆಳಗ್ಗೆ ಶಾಲೆಗೆ ಹೋಗದೆ, ಬಂದರಿನ ಬಳಿಯ ಗುಡ್ಡದ ಮೇಲಿದ್ದ ಕೇಂದ್ರಕ್ಕೆ ಹೋಗುವ ವ್ಯಾನು ಹತ್ತಿದಳು.

ಅದೇ ಹೊತ್ತಿಗೆ ಕೆಳಗಿನ ಕೋಣೆಯಲ್ಲಿ ದಾಮೋದರ ತನ್ನ ಹೊದಿಕೆಯನ್ನು ಕೊಡವುತ್ತಿದ್ದ.

"ಎಂತ ಮಾಡ್ತೀರಿ ದಾಮಣ್ಣ?" ಇನಾಸ್ ಕೇಳಿದ. ಹೀಲಿಯಂ ತುಂಬಿದ ಗಂಟಲಿನಿಂದ ಮಾತು ಬಾತುಕೋಳಿಯ ಕೂಗಿನಂತೆ ಹೊರಡುತ್ತಿತ್ತು.

"ಏಡಿಮರಿ. ನಿನ್ನ ಕಡೆ ಬರ್ಲಿಲ್ವಾ?"

ಹೊದಿಕೆಯಲ್ಲಿ ಏನೂ ಇರಲಿಲ್ಲ. ದಾಮೋದರನಿಗೆ ಮಾತ್ರ ಅವು ಸ್ಪಷ್ಟವಾಗಿ ಕಾಣುತ್ತಿದ್ದವು. ಉಗುರಿನಷ್ಟಿದ್ದವು, ಬಿಳಿ ಹೊಟ್ಟೆ, ಗೋಡೆಯ ಬೆಸುಗೆಯ ಗೆರೆಯಿಂದ ಸಾಲಾಗಿ ಇಳಿದು ಅವನ ಕಾಲ್ಬೆರಳುಗಳ ಸಂದಿಗೆ ನುಗ್ಗುತ್ತಿದ್ದವು. ಗೋಡೆಯ ಆಚೆ ಮೀನು ಹರಾಜು ನಡೆದಿತ್ತು. ಅವನ ಅವ್ವೆ ಬಂಗಡೆಯ ಬುಟ್ಟಿ ಹಿಡಿದು ಬಸ್ಸಿಗೆ ಕಾಯುತ್ತಿದ್ದಳು. ಅವಳು ಸತ್ತು ಹನ್ನೊಂದು ವರ್ಷವಾಗಿದೆ ಎಂಬುದು ಅವನಿಗೆ ನೆನಪಿತ್ತು. ಅದಕ್ಕೇ ಅವಸರ, ಈ ಬಸ್ಸು ತಪ್ಪಿದರೆ ಮತ್ತೆ ಸಿಗಲಾರಳು.

ಕೋಣೆಯ ನೆಲದಲ್ಲಿ ಬಾವಿಯ ಬಾಯಿಯಂಥ ಒಂದು ದುಂಡನೆಯ ಬಾಗಿಲಿತ್ತು. ಕೆಲಸಕ್ಕೆ ಹೊರಗೆ ಈಜಿ ಹೋಗುವುದು ಅದರಿಂದಲೇ. ಒಳಗೆ ಹೊರಗೆ ಒಂದೇ ಒತ್ತಡವಾದ್ದರಿಂದ ಅದಕ್ಕೆ ಬೀಗ ಬೇಕಿರಲಿಲ್ಲ, ಒಂದು ಹಿಡಿ ತಿರುಗಿಸಿದರೆ ಸಾಕು. ದಾಮೋದರ ಬಗ್ಗಿ ಹಿಡಿಗೆ ಕೈ ಹಾಕಿದ. ಉಸಿರಿನ ಉಪಕರಣವಿಲ್ಲ, ಬಿಸಿ ಉಡುಪಿಲ್ಲ, ಬರಿ ಬನಿಯನ್.

ಇನಾಸ್ ಬಂದು ಮುಚ್ಚಳದ ಮೇಲೆ ಕೂತುಬಿಟ್ಟ. ಅವನು ದಾಮೋದರನಿಗಿಂತ ಸಣ್ಣ ಆಳು. ನೈಟ್ರೋಜನ್ ಸೇರಿದ ಗಾಳಿ ಕುಡಿದು ಅವನ ತಲೆಯೂ ಎರಡು ಪೆಗ್ ಹಾಕಿದಂತೆ ತೂಗುತ್ತಿತ್ತು.

"ಏಳು ಮಾರಾಯ. ಅವ್ವೆ ಕಾಯ್ತಾಳೆ."

"ಬಸ್ಸು ಇನ್ನೂ ಬರ್ಲಿಲ್ಲ ದಾಮಣ್ಣ. ಬಂದ ಕೂಡ್ಲೇ ನಾನೇ ಹೇಳ್ತೇನೆ."

"ಹಾರ್ನ್ ಕೇಳ್ಲಿಲ್ವಾ ನಿಂಗೆ?"

ದಾಮೋದರ ಅವನ ಭುಜ ಹಿಡಿದು ಎಳೆದ. ಇನಾಸ್ ಎರಡೂ ಕೈಗಳಿಂದ ನೆಲದ ಕಂಬಿ ತಬ್ಬಿಕೊಂಡು, ಎದೆಯ ಮೈಕಿನಲ್ಲಿ ದಡಕ್ಕೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ: "ಬೇಗ ಏನಾದ್ರೂ ಮಾಡಿ. ನಾನು ಎಷ್ಟೊತ್ತು ಕೂತಿರ್ಲಿ?"

ಆ ಮಾತು ನಿಯಂತ್ರಣ ಕೋಣೆಯ ಧ್ವನಿಪೆಟ್ಟಿಗೆಯಲ್ಲಿ ಬಂದಾಗ ಸುಲೋಚನಾ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಶಾನಭಾಗರು ಮತ್ತು ಕೇಂದ್ರದ ವೈದ್ಯೆ ಡಾಕ್ಟರ್ ಅಫ್ರಾ ಶಾಬಂದ್ರಿ ಪರದೆಯ ಮುಂದಿದ್ದರು. ಪರದೆಯ ಮೇಲೆ ನಾಡಿ ನೂರ ನಲವತ್ತೆಂಟು. ಅದರ ಕೆಳಗೆ ಮೈಗಾವಲಿನ ತೀರ್ಮಾನ: ಹೀಲಿಯಂ ನಡುಕ, ತೀವ್ರ. ನೈಟ್ರೋಜನ್ ಇನ್ನಷ್ಟು ಏರಿಸಬೇಕು.

"ಡಾಕ್ಟ್ರೇ, ಅವ್ರಿಗೆ ಒಂದು ನಿದ್ದೆ ಬರುವ ಔಷಧಿ ಕೊಟ್ರೆ ಆಗೂದಿಲ್ವಾ?"

ಅಫ್ರಾ ತಿರುಗಿ ನೋಡಿದರು. "ನೀವು ಅವರ ಮನೆಯವರಲ್ವಾ? ಬನ್ನಿ. ಈಗ ಅದು ಕೊಡುವ ಹಾಗಿಲ್ಲ. ಅಷ್ಟು ಆಳದಲ್ಲಿ ನೈಟ್ರೋಜನ್ನೇ ಮಿದುಳನ್ನು ಮಂದ ಮಾಡ್ತದೆ. ಅದರ ಮೇಲೆ ನಿದ್ದೆಯ ಮದ್ದು ಹಾಕಿದ್ರೆ ಉಸಿರು ನಿಂತು ಹೋಗ್ಬಹುದು."

"ಹಾಗಾದ್ರೆ ನೈಟ್ರೋಜನ್ ತೆಗೀರಿ."

"ತೆಗೆದ್ರೆ ನಡುಕ ಜಾಸ್ತಿ ಆಗ್ತದೆ. ಹೀಲಿಯಂ ನಡುಕಕ್ಕೆ ಅದೇ ಮದ್ದು. ನಿನ್ನೆ ಅದರಿಂದ್ಲೇ ಕಡಿಮೆ ಆದದ್ದು."

ಸುಲೋಚನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಧ್ವನಿಪೆಟ್ಟಿಗೆಯಲ್ಲಿ ದಾಮೋದರ ಯಾರನ್ನೋ ಅವ್ವೆ ಎಂದು ಕರೆಯುತ್ತಿದ್ದ. ಬಾತುಕೋಳಿಯ ಧ್ವನಿಯಾದರೂ ಅದು ಅವನದೇ ಎಂದು ಗೊತ್ತಾಗುತ್ತಿತ್ತು.

"ಅದು ಹೀಲಿಯಂ ಅಲ್ಲ ಡಾಕ್ಟ್ರೇ," ಎಂದಳು. "ಅವ್ರು ಕುಡೀತಾರೆ."

ಅಫ್ರಾ ಕುರ್ಚಿ ಎಳೆದು ಅವಳ ಎದುರಿಗೆ ಕುಳಿತರು.

"ದಿನಕ್ಕೆ ಎಷ್ಟು?"

"ಐನೂರ ನಲವತ್ತು ಎಮ್ಮೆಲ್. ವಿಸ್ಕಿ."

"ಎಷ್ಟು ವರ್ಷದಿಂದ?"

"ಹನ್ನೆರಡು. ಇಳಿಯುವ ಮೊದ್ಲು ನಾನೇ ಕಡಿಮೆ ಮಾಡಿಸ್ತಿದ್ದೆ. ಈ ಸಲ ಸಮಯ ಸಿಗ್ಲಿಲ್ಲ."

"ಕೊನೆಯ ಗ್ಲಾಸು ಯಾವಾಗ?"

"ಭಾನುವಾರ ಮಧ್ಯಾಹ್ನ ಮೂರಕ್ಕೆ."

"ಮೊದಲು ಯಾವಾಗಾದ್ರೂ ಒಮ್ಮೆಲೇ ಬಿಟ್ಟದ್ದು ಉಂಟಾ?"

ಮಾಲೆ ಹಾಕಿದ ವರ್ಷದ ಕಥೆಯನ್ನು ಅವಳು ಹೇಳಿದಳು. ಅಫ್ರಾ ಕಣ್ಣು ಮುಚ್ಚಿ ತೆರೆದರು. "ನೈಟ್ರೋಜನ್ ಕೂಡ ಒಂದು ರೀತಿ ಹೆಂಡವೇ," ಎಂದು ಶಾನಭಾಗರಿಗೆ ಹೇಳಿದರು. "ನಿನ್ನೆ ಅವನಿಗೆ ಸಿಕ್ಕಿದ್ದು ಮದ್ದಲ್ಲ, ಒಂದು ಸಣ್ಣ ಪೆಗ್. ಅದಕ್ಕೇ ಸಮಾಧಾನ ಆದದ್ದು. ಅದನ್ನು ನೋಡಿ ಯಂತ್ರ ತಾನು ಹೇಳಿದ್ದೇ ಸರಿ ಅಂದ್ಕೊಂಡಿತು. ನಾನೂ ಅಂದ್ಕೊಂಡೆ."

ಶಾನಭಾಗರು ಪರದೆ ಬಿಟ್ಟು ತಿರುಗಿದರು. "ಕುಡಿಯೂದು ಬಿಟ್ರೆ ಮನುಷ್ಯ ಸಾಯ್ತಾನಾ?"

"ದೋಣಿಯ ಒಂದು ಬದಿಗೆ ದಿನವೂ ಭಾರ ಹೇರಿದ್ರೆ ಒಳಗಿದ್ದವರು ಎಂತ ಮಾಡ್ತಾರೆ? ಮಗುಚದ ಹಾಗೆ ಎಲ್ರೂ ಇನ್ನೊಂದು ಬದಿಗೆ ಹೋಗಿ ಕೂತ್ಕೊಳ್ತಾರೆ. ಹೆಂಡ ಮಿದುಳನ್ನು ಮಲಗಿಸ್ತದೆ, ಮಿದುಳು ಎಚ್ಚರ ಇರ್ಲಿಕ್ಕೆ ವರ್ಷಗಟ್ಟಲೆ ಆ ಕಡೆಯಿಂದ ಎಳೀತಾ ಇರ್ತದೆ. ಒಮ್ಮೆಲೇ ಭಾರ ತೆಗೆದ್ರೆ ದೋಣಿ ಜನ ಕೂತ ಬದಿಗೇ ಮಗುಚ್ತದೆ. ಈಗ ಆಗ್ತಿರೂದು ಅದು. ಮೊದ್ಲು ನೈಟ್ರೋಜನ್ ತೆಗೀಬೇಕು, ಆಮೇಲೆ ಸ್ವಲ್ಪ ಸ್ವಲ್ಪ ಮದ್ದು."

ಆದರೆ ಮೈಗಾವಲು ಒಪ್ಪಲಿಲ್ಲ. ಅದರ ತೀರ್ಮಾನ ಮೀರಿ ಔಷಧಿಯ ಪೆಟ್ಟಿಗೆ ತೆಗೆಯಬೇಕಾದರೆ ವೈದ್ಯರು, ಮೇಲ್ವಿಚಾರಕರು ಇಬ್ಬರ ಕೀಲಿಯೂ ಬೇಕು, ಕಾರಣ ದಾಖಲಾಗಬೇಕು. ಒಮ್ಮೆ ದಾಖಲಾದ್ದನ್ನು ಯಾರೂ ಅಳಿಸುವಂತಿಲ್ಲ. ಶಾನಭಾಗರ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಅವರು ಸುಲೋಚನಳನ್ನು ನೋಡಿದರು.

"ಕಾರಣ ಎಂತ ಬರೀಲಿ, ಅಕ್ಕ?"

"ಕುಡಿತ ಅಂತ ಬರೀರಿ. ಹೆಂಡತಿ ಹೇಳಿದ್ದು ಅಂತ ಬರೀರಿ."

ನೈಟ್ರೋಜನ್ ತಗ್ಗಲು ಒಂದೂವರೆ ಗಂಟೆ ಬೇಕಾಯಿತು. ಆ ಒಂದೂವರೆ ಗಂಟೆ ಇನಾಸ್ ಮುಚ್ಚಳದ ಮೇಲಿಂದ ಏಳಲಿಲ್ಲ. ನಡುವೆ ಒಮ್ಮೆ ದಾಮೋದರ ಕೂಗುವುದನ್ನು ನಿಲ್ಲಿಸಿದ. ಪರದೆಯ ಗೆರೆಗಳೆಲ್ಲ ಒಟ್ಟಿಗೆ ಕುಣಿದವು. ಅವನು ನೆಲಕ್ಕೆ ಬಿದ್ದು ಸೆಟೆದುಕೊಂಡಿದ್ದ. ಅಫ್ರಾ ಮೈಕಿಗೆ ಬಾಯಿ ಹಚ್ಚಿ ಹೇಳಿದಂತೆ ಇನಾಸ್ ಕೂತಲ್ಲಿಂದಲೇ ಬಗ್ಗಿ ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ಟವೆಲು ಇಟ್ಟ. ಪೆಟ್ಟಿಗೆ ತೆರೆದ ಕೂಡಲೇ, ಜೀವನದಲ್ಲಿ ಒಮ್ಮೆಯೂ ಸೂಜಿ ಹಿಡಿಯದ ಕೈಯಿಂದ ತೊಡೆಗೆ ಚುಚ್ಚಿದ. ಮೊದಲು ಅರ್ಧ ಪ್ರಮಾಣ. ಇಪ್ಪತ್ತು ನಿಮಿಷ ಉಸಿರು ಎಣಿಸಿ ಇನ್ನರ್ಧ. ಜೊತೆಗೆ ವಿಟಮಿನ್. ಸಂಜೆ ನಾಲ್ಕಕ್ಕೆ ನಾಡಿ ನೂರಕ್ಕಿಂತ ಕೆಳಗೆ ಬಂತು. ಸುಲೋಚನಾ ಅಲ್ಲಿಯವರೆಗೂ ಗೋಡೆಗೆ ಆನಿಕೊಂಡು ನಿಂತೇ ಇದ್ದಳು. ಅಫ್ರಾ ಅವಳ ಕೈಗೆ ಚಹಾ ಕೊಟ್ಟಾಗಲೇ ಕುಳಿತಳು.

ಎರಡು ದಿನ ಬಿಟ್ಟು ಆ ಕೋಣೆಯನ್ನು ಮುಚ್ಚಿದಂತೆಯೇ ಮೇಲೆತ್ತಿ ಹಡಗಿನಲ್ಲಿ ದಡಕ್ಕೆ ತಂದು ಕೇಂದ್ರದ ಶೆಡ್ಡಿನಲ್ಲಿಟ್ಟರು. ಎಂಟು ದಿನಗಳ ಒತ್ತಡ ಇಳಿಕೆ ಅಲ್ಲಿ ಶುರುವಾಯಿತು. ಗೋಡೆಯಲ್ಲಿ ಅಂಗೈಯಗಲದ ದಪ್ಪ ಗಾಜಿತ್ತು, ಪಕ್ಕದಲ್ಲಿ ಫೋನು. ಸುಲೋಚನಾ ದಿನವೂ ಬಿಸಿಯೂಟ ಮುಗಿಸಿ ಮೂರು ಗಂಟೆಗೆ ಬಂದು ಗಾಜಿನ ಮುಂದೆ ಕೂರುತ್ತಿದ್ದಳು. ಮೊದಲ ಮೂರು ದಿನ ದಾಮೋದರ ಬೆನ್ನು ತಿರುಗಿಸಿ ಮಲಗಿದ. ಇನಾಸ್ ಮಾತ್ರ ಕೈ ಬೀಸುತ್ತಿದ್ದ.

ನಾಲ್ಕನೆಯ ದಿನ ದಾಮೋದರ ಫೋನು ಎತ್ತಿದ.

"ಯಾಕೆ ಹೇಳ್ದೆ?"

"ಇನಾಸಣ್ಣ ಎಷ್ಟೊತ್ತು ಕೂತಿರ್ತಿದ್ರು?"

"ಯಾರ್ಯಾರಿಗೆ ಗೊತ್ತಾಯ್ತು?"

"ಎಲ್ರಿಗೂ."

"ಸ್ಫೂರ್ತಿಗೆ?"

"ಅವಳಿಗೆ ಮೊದ್ಲಿಂದ್ಲೂ ಗೊತ್ತಿತ್ತು."

ಅವನು ಫೋನು ಇಟ್ಟು ಮತ್ತೆ ಮಲಗಿದ. ಆ ಸಣ್ಣ ಕೋಣೆಯಲ್ಲಿ ಎದ್ದು ಹೋಗಲು ಜಾಗವಿರಲಿಲ್ಲ. ಬಾಗಿಲಿತ್ತು, ಆದರೆ ಒಳಗಿನ ಗಾಳಿಯೇ ಅದನ್ನು ಲಾರಿಗಳಷ್ಟು ಭಾರದಿಂದ ಒತ್ತಿ ಹಿಡಿದಿತ್ತು. ನಾಚಿಕೆಯಾದರೆ ಮುಖ ತಿರುಗಿಸಲು ಒಂದು ಗೋಡೆ, ಸಿಟ್ಟು ಬಂದರೆ ಗುದ್ದಲು ಇನ್ನೊಂದು ಗೋಡೆ. ಗಂಟಲು ಒಣಗಿ ಒಂದು ಗುಟುಕಿಗೆ ಜೀವ ಬಾಯಿಬಿಟ್ಟಾಗ ಇನಾಸ್ ನೀರಿನ ಬಾಟಲಿ ಕೊಡುತ್ತಿದ್ದ. ಆರನೆಯ ದಿನ ಶಾನಭಾಗರು ಗಾಜಿಗೆ ಒಂದು ಪತ್ರ ಹಿಡಿದು ತೋರಿಸಿದರು. ಅವನ ಮುಳುಗುಪರವಾನಗಿ ರದ್ದಾಗಿತ್ತು. ಸುಲೋಚನಳ ಸಹಿಯ ಬಗ್ಗೆ ವಿಚಾರಣೆ ಬೇರೆ ನಡೆಯಲಿತ್ತು. ದಾಮೋದರ ಎರಡು ಸಲ ಓದಿ ತಲೆಯಾಡಿಸಿದ.

ಎಂಟನೆಯ ದಿನ ಮಧ್ಯಾಹ್ನ ಬಾಗಿಲು ತೆಗೆಯುವುದಿತ್ತು. ಸುಲೋಚನಾ ಬಂದಾಗ ಅವನಾಗಿಯೇ ಗಾಜಿನ ಬಳಿ ನಿಂತಿದ್ದ. ಹೀಲಿಯಂ ಹೋಗಿ ದನಿ ಮೊದಲಿನಂತಾಗಿತ್ತು.

"ಡಾಕ್ಟ್ರ ಹತ್ರ ಒಂದು ಮಾತು ಕೇಳು. ಇನ್ನೊಂದು ನಾಲ್ಕು ದಿನ ಇಲ್ಲೇ ಇರ್ಲಿಕ್ಕೆ ಆಗ್ತದಾ ಅಂತ."

"ಯಾಕೆ? ಮೈ ಹುಷಾರಿಲ್ವಾ?"

"ಹುಷಾರುಂಟು. ಇಲ್ಲಿ ನಂಗೆ ಕುಡೀಲಿಕ್ಕೆ ಆಗೂದಿಲ್ಲ, ಅದಕ್ಕೆ."

ಅಷ್ಟರಲ್ಲಿ ಬಾಗಿಲು ಉಸ್ಸೆಂದು ಬಿಟ್ಟುಕೊಂಡಿತು. ಇನಾಸ್ ಮೊದಲು ಹೊರಬಂದ, ಅವನ ಹೆಂಡತಿ ಅಳುತ್ತ ಅವನ ತೋಳು ಹಿಡಿದಳು. ದಾಮೋದರ ಮಂಚದ ಅಂಚಿನಲ್ಲೇ ಕುಳಿತಿದ್ದ. ಅಫ್ರಾ ಯಾರನ್ನೂ ಅವಸರ ಮಾಡಲು ಬಿಡಲಿಲ್ಲ. ಸುಲೋಚನಾ ಬಗ್ಗಿ ಒಳಗೆ ಹೋದಳು. ಬೆವರು, ರಬ್ಬರು, ಔಷಧಿಯ ವಾಸನೆ. ಅವನ ಪಕ್ಕ ಕುಳಿತಳು. ಹನ್ನೆರಡು ದಿನಗಳ ಮೇಲೆ ಅವರ ಮೈ ಒಂದಕ್ಕೊಂದು ತಾಗಿತು.

"ಇಲ್ಲಿಂದ ಮನೆಗೆ ಹೋಗುವ ದಾರೀಲಿ ಮೂರು ಅಂಗಡಿ ಉಂಟು," ಎಂದ ಅವನು.

"ನಾಲ್ಕು. ಬಂದರಿನ ಹತ್ರ ಇನ್ನೊಂದು ಶುರುವಾಯ್ತು."

ಅವನು ಉಸಿರು ಬಿಟ್ಟ.

"ಮನೆಗೆ ಹೋಗೂದು ಬೇಡ," ಎಂದಳು ಸುಲೋಚನಾ. "ಡಾಕ್ಟ್ರು ಕುಡಿತ ಬಿಡಿಸುವ ಒಂದು ವಾರ್ಡಿಗೆ ಹೇಳಿಟ್ಟಿದ್ದಾರೆ. ಅವ್ರದ್ದೇ ಕಾರಿನಲ್ಲಿ ಸೀದಾ ಅಲ್ಲಿಗೆ ಹೋಗೂದು. ಎರಡು ತಿಂಗಳಂತೆ."

"ಅಲ್ಲಿ ಬಾಗಿಲಿಗೆ ಹೊರಗಿನಿಂದ ಬೀಗ ಹಾಕ್ತಾರಾ?"

"ಇಲ್ವಂತೆ. ನಾನೂ ಕೇಳ್ದೆ. ಹಗಲೆಲ್ಲ ತೆರೆದೇ ಇರ್ತದಂತೆ. ಬೇಡ ಅಂತ ಕಂಡವರು ಎದ್ದು ಹೋಗ್ಬಹುದಂತೆ."

ದಾಮೋದರ ತನ್ನ ಕೈಗಳನ್ನು ನೋಡಿಕೊಂಡ. ಅವು ನಡುಗುತ್ತಿರಲಿಲ್ಲ.

"ಅದೇ ಹೆದರಿಕೆ," ಎಂದು ಹೇಳಿ, ಬಾಗಿಲಿನ ಚೌಕಟ್ಟು ಹಿಡಿದು ಎದ್ದು ನಿಂತ.